ನನ್ನನ್ನು ಇಷ್ಟು ಸಲ ನೋಡಿದಿರಿ, ನನ್ನ ರಿವಾಲ್ವರನ್ನು ಒಂದು ಸಲ ನೋಡಿ
ಬೀದರ್ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ನಾನು ಬೀದರಿನ ಗಾಂಧಿ ಗಂಜ್‌ನ ಒಬ್ಬ ಅಡತಿ ವ್ಯಾಪಾರಿ. ಸೋಯಾ, ತೊಗರಿ, ಉದ್ದು, ಹೆಸರು ಇವೇ ನನ್ನ ಪ್ರಪಂಚ. ಮೂವತ್ತು ವರ್ಷದಿಂದ ಕಾಂಟಾ ಮತ್ತು ಪರಖಿ ಹಿಡಿದು ಬದುಕಿದವನು. ಚೀಲಕ್ಕೆ ಪರಖಿ ಚುಚ್ಚಿ ನಾಲ್ಕು ಕಾಳು ಅಂಗೈ ಮೇಲೆ ಹಾಕಿಕೊಂಡರೆ ಸಾಕು, ಒಳಗಿನ ಮಾಲು ಎಂಥದ್ದು ಅಂತ ಹೇಳುತ್ತೇನೆ. ಇದರ ಜೊತೆಗೆ ಇನ್ನೊಂದು ವಸ್ತು ಎಂಟು ವರ್ಷದಿಂದ ನನ್ನ ಸೊಂಟದಲ್ಲಿದೆ. .32 ಬೋರಿನ (ಬೋರ್ ಅಂದರೆ ನಳಿಗೆಯ ಒಳ ಅಗಲ) ಒಂದು ಚಿಕ್ಕ ರಿವಾಲ್ವರ್. ಅದಕ್ಕೆ ಲೈಸೆನ್ಸ್ ಕೊಟ್ಟಿದ್ದು ನಿಮ್ಮ ಕಚೇರಿ. ಈ ಪತ್ರ ಅದರ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ. ಲೈಸೆನ್ಸ್ ಜಾಸ್ತಿ ಕೊಡಿ ಅಂತ ಕೇಳೋಕೆ ಬರೆಯುತ್ತಿಲ್ಲ. ಕಡಿಮೆ ಕೊಟ್ಟರೂ ನನ್ನ ತಕರಾರಿಲ್ಲ. ಮದುವೆ ಮನೆಯಲ್ಲಿ ಅಂಗಿ ಸ್ವಲ್ಪ ಮೇಲೆತ್ತಿ ಸೊಂಟದ ಪಿಸ್ತೂಲ್ ಕಾಣುವ ಹಾಗೆ ಕೂರುವವರನ್ನು ನಾನೂ ನೋಡಿದ್ದೇನೆ. ಸುಳ್ಳೇಕೆ ಹೇಳಲಿ, ಹೊಸದರಲ್ಲಿ ಒಂದೆರಡು ಸಲ ನಾನೂ ಹಾಗೇ ಕೂತಿದ್ದೆ. ಆ ಚಟ ಹೋಯಿತು. ಉಳಿದದ್ದು ಒಂದೇ ಪ್ರಶ್ನೆ. ನೀವು ಕೊಟ್ಟ ಲೈಸೆನ್ಸ್ ತೋರಿಸಿ ನಾವು ಕೊಳ್ಳುವ ಆ ವಸ್ತು ಸರಿಯಾಗಿದೆಯಾ, ಇಲ್ಲವಾ ಅಂತ ನೋಡುವವರು ಯಾರು?

ನನ್ನನ್ನಂತೂ ಚೆನ್ನಾಗಿಯೇ ನೋಡಿದಿರಿ. ಠಾಣೆಯವರು ಮನೆಗೆ ಬಂದರು. ಅಕ್ಕಪಕ್ಕದವರನ್ನು ಕೇಳಿದರು. ಕುಡಿಯುತ್ತಾನಾ, ಜಗಳಗಂಟನಾ, ಕೇಸುಗಳಿವೆಯಾ ಅಂತ ವಿಚಾರಿಸಿದರು. ತಲೆ ನೆಟ್ಟಗಿದೆ ಅಂತ ಡಾಕ್ಟರ್ ಬರೆದುಕೊಟ್ಟ ಕಾಗದ ಕೇಳಿದಿರಿ. ಗನ್ನನ್ನು ಮನೆಯಲ್ಲಿ ಎಲ್ಲಿ ಭದ್ರವಾಗಿ ಇಡುತ್ತೀಯ ಅಂತ ಬರೆಸಿಕೊಂಡಿರಿ. ಪೊಲೀಸರ ಬಂದೂಕು ತರಬೇತಿಗೂ ಹೋಗಿ ಬಂದೆ. ಇದೆಲ್ಲ ಸರಿಯೇ. ಇನ್ನೂ ಬಿಗಿ ಮಾಡಿದರೂ ಬೇಸರವಿಲ್ಲ. ಆದರೆ ಗನ್ ಅಂಗಡಿಯಲ್ಲಿ ನಡೆದದ್ದನ್ನು ಕೇಳಿ. ಅಂಗಡಿಯವರು ಪೆಟ್ಟಿಗೆ ತೆಗೆದರು. ಎಣ್ಣೆ ವಾಸನೆ ಬಂತು. ನಂಬರ್ ಓದಿದರು, ರಿಜಿಸ್ಟರಿನಲ್ಲಿ ಬರೆದರು, ಸಹಿ ಹಾಕಿಸಿಕೊಂಡರು. ಲಕ್ಷದ ಆಚೆಗಿನ ದುಡ್ಡು ಎಣಿಸಿಕೊಂಡರು. ಮುಗೀತು. ಒಂದು ಚೀಲ ಸೋಯಾ ಖರೀದಿ ಕೇಂದ್ರಕ್ಕೆ ಒಯ್ದರೆ ತೇವಾಂಶ ನೋಡುವ ಮಷೀನ್ ಇಡುತ್ತಾರೆ. ಶೇ 12 ದಾಟಿದರೆ ಸಾಮಾನ್ಯವಾಗಿ ರೈತನನ್ನು ವಾಪಸ್ ಕಳಿಸುತ್ತಾರೆ. ಪ್ರಾಣ ತೆಗೆಯಬಲ್ಲ ವಸ್ತುವಿಗೆ ನನ್ನ ಕಣ್ಣೆದುರು ಯಾರೂ ಪರಖಿ ಚುಚ್ಚಲಿಲ್ಲ.

ಹಾಗಾಗಿ ನಾನೇ ಚುಚ್ಚಿದೆ.

ನಮ್ಮ ಅಂಗಡಿಯಲ್ಲಿ ಸಣ್ಣ ತೂಕಕ್ಕೆ ಕೊಕ್ಕೆ ಇರುವ ಒಂದು ತೂಗುಕಾಂಟಾ ಇದೆ. ಒಂದು ಭಾನುವಾರ ರಿವಾಲ್ವರಿನ ಎಲ್ಲ ತೋಟಾ (ಗುಂಡು, ಮದ್ದು ಸೇರಿದ ಕೊಳವೆ) ತೆಗೆದು, ಎರಡೆರಡು ಸಲ ಖಾಲಿ ಅಂತ ಖಾತ್ರಿ ಮಾಡಿಕೊಂಡು, ಅದರ ಟ್ರಿಗರ್‌ಗೆ ಕೊಕ್ಕೆ ಸಿಕ್ಕಿಸಿ ಎಳೆದೆ. ಮೂರು ಸಲ ನೋಡಿದೆ. ಹೆಚ್ಚುಕಮ್ಮಿ 7 ಕೆಜಿ. ರಿವಾಲ್ವರಿನ ತೂಕ ಎಷ್ಟು? 700 ಗ್ರಾಂ ಸುಮಾರು. ಅಂದರೆ ಅದರ ಹತ್ತು ಪಟ್ಟು ಭಾರವನ್ನು ಒಂದೇ ಬೆರಳಲ್ಲಿ ಎಳೆಯಬೇಕು, ಎಳೆಯುವಾಗ ಅದು ಅಲುಗಾಡಲೂ ಬಾರದು. ಆಗುತ್ತಾ? ಹಗುರವಾದ ಒಂದು ತಂಬಿಗೆಯನ್ನು ಅಂಗೈ ಮೇಲೆ ನೆಟ್ಟಗೆ ಇಟ್ಟುಕೊಂಡು, ಅದೇ ಕೈಯ ಒಂದು ಬೆರಳಿಂದ ಏಳು ಕಿಲೋ ಸಕ್ಕರೆ ಚೀಲ ಎತ್ತಿದ ಹಾಗೆ. ಕುದುರೆಯನ್ನು, ಅಂದರೆ ಟ್ರಿಗರ್ ಎಳೆದಾಗ ಬಡಿಯುವ ಹಿಂದಿನ ಸುತ್ತಿಗೆಯನ್ನು, ಮೊದಲೇ ಹಿಂದಕ್ಕೆ ಎಳೆದು ನಿಲ್ಲಿಸಿದರೆ ಎಳೆತ ಬಹಳ ಕಡಿಮೆಯಾಗುತ್ತದೆ, ನಿಜ. ಆದರೆ ಗಾಬರಿಯಲ್ಲಿ ನಡುಗುವ ಕೈಗೆ ಹಾಗೆ ನಿಲ್ಲಿಸಿದ ಕುದುರೆ ಇನ್ನೊಂದು ಅಪಾಯ. ಬೆರಳು ಸೋಕಿದರೂ ಹಾರುತ್ತದೆ. ಎದುರಿನವನು ಓಡಿಹೋದ ಮೇಲೆ ಅದನ್ನು ಮೆಲ್ಲಗೆ ಇಳಿಸುವಾಗ ಹೆಬ್ಬೆರಳು ಜಾರಿದರೂ ಹಾರುತ್ತದೆ.

ಹುಮನಾಬಾದ್ ಕಡೆಯ ಒಬ್ಬ ಅಕ್ಕ ನನಗೆ ಪರಿಚಯ. ಗಂಡ ತೀರಿಕೊಂಡ ಮೇಲೆ ಪೆಟ್ರೋಲ್ ಬಂಕ್ ತಾವೇ ನಡೆಸುತ್ತಾರೆ. ಅವರಿಗೂ ಲೈಸೆನ್ಸ್ ಇದೆ. ಅವರು ತಮ್ಮ ರಿವಾಲ್ವರಿನ ಟ್ರಿಗರ್ ಎಳೆಯೋದು ಎರಡೂ ಕೈಯ ಎರಡು ಬೆರಳು ಹಾಕಿ. "ತಮ್ಮಾ, ಇದನ್ನ ಎಳೆಯೋ ಹೊತ್ತಿಗೆ ಕಳ್ಳ ಊರು ದಾಟಿರ್ತಾನ" ಅಂತ ನಗುತ್ತಾರೆ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ 'ನಿರ್ಭೀಕ್' ಅನ್ನೋ .32 ರಿವಾಲ್ವರ್ ಬಂತು. ಹೆಣ್ಣುಮಕ್ಕಳ ರಕ್ಷಣೆಗೆ ಅಂತಲೇ ಪ್ರಚಾರ. ಹಗುರ ಟೈಟಾನಿಯಂ ಮಿಶ್ರಲೋಹ, ಸುಮಾರು 500 ಗ್ರಾಂ ತೂಕ, ಬೆಲೆ ಸುಮಾರು ₹1.22 ಲಕ್ಷ. ಆಗ ಎಲ್ಲರೂ ಮಾತಾಡಿದ್ದು ಬೆಲೆಯ ಬಗ್ಗೆ. ನಾನು ಕೇಳುವುದೇ ಬೇರೆ. ತೂಕ ಇಳಿಸಿದ್ದನ್ನು ದೊಡ್ಡದಾಗಿ ಹೇಳುತ್ತಾರೆ. ತೂಕ ಇಳಿದಷ್ಟೂ ಒದೆತ ಜಾಸ್ತಿ, ಟ್ರಿಗರ್ ಎಳೆಯುವಾಗ ಅಲುಗಾಟ ಜಾಸ್ತಿ. ಅದನ್ನು ಯಾಕೆ ಹೇಳುವುದಿಲ್ಲ? ಟ್ರಿಗರಿನ ಎಳೆತ ಎಷ್ಟು ಕಿಲೋ ಅಂತ ಪೆಟ್ಟಿಗೆ ಮೇಲೆ ಒಂದು ಸಾಲು ಯಾಕೆ ಇರಬಾರದು?

ಸಣ್ಣದು ಮಾಡುವುದರಲ್ಲೇ ಇರುವ ತೊಂದರೆ ಇದು. ಸೊಂಟದಲ್ಲಿ ಅಡಗಬೇಕು ಅಂತ ನಳಿಗೆಯನ್ನು ಗಿಡ್ಡ ಮಾಡುತ್ತಾರೆ. ಗುರಿ ಹಿಡಿಯೋಕೆ ಹಿಂದೊಂದು ಗುರುತು, ಮುಂದೊಂದು ಗುರುತು ಇರುತ್ತದೆ. ಪೊಲೀಸರು ಬ್ಯಾಕ್‌ಸೈಟ್, ಫೋರ್‌ಸೈಟ್ ಅಂತಾರೆ. ಇವೆರಡರ ನಡುವಿನ ಅಂತರ 10 ಸೆಂಟಿಮೀಟರ್ ಇದ್ದರೆ, ನೋಟದಲ್ಲಿ ಬರೀ 1 ಮಿಲಿಮೀಟರ್ ತಪ್ಪಿದರೂ 7 ಮೀಟರ್ ದೂರದಲ್ಲಿ ಗುಂಡು 7 ಸೆಂಟಿಮೀಟರ್ ಆಚೆ ಹೋಗುತ್ತದೆ. ಅಂತರ 15 ಸೆಂಟಿಮೀಟರ್ ಇದ್ದರೆ ಅದೇ ತಪ್ಪಿಗೆ ಐದಕ್ಕೂ ಕಮ್ಮಿ. ಇದಕ್ಕೆ ಇಂಜಿನಿಯರ್ ಬೇಕಿಲ್ಲ, ಮಗ್ಗಿ ಬಂದರೆ ಸಾಕು. ಅದರ ಮೇಲೆ ಏಳು ಕಿಲೋ ಎಳೆತ ಸೇರಿಸಿ. ಆ ಗುಂಡು ಕಳ್ಳನಿಗೆ ತಾಗದಿದ್ದರೆ ಎಲ್ಲಿ ಹೋಗುತ್ತದೆ? ಗಂಜ್‌ನಲ್ಲಿ ಕಳ್ಳನ ಹಿಂದೆ ಯಾವಾಗಲೂ ಒಬ್ಬ ಹಮಾಲ ನಿಂತಿರುತ್ತಾನೆ ಸಾಹೇಬರೇ. ನನಗೆ ರಾತ್ರಿ ನಿದ್ದೆ ಕೆಡಿಸೋದು ಕಳ್ಳನಲ್ಲ, ಆ ಹಮಾಲ.

2023ರಲ್ಲಿ ಅದೇ ಕಾನ್ಪುರದಿಂದ 'ಪ್ರಬಲ್' ಅನ್ನೋ ಇನ್ನೊಂದು ಬಂತು. 50 ಮೀಟರ್ ದೂರಕ್ಕೆ ಹೊಡೆಯುತ್ತದೆ ಅಂತ ಸುದ್ದಿಯಾಯಿತು. ಅದರ ನಳಿಗೆಯ ಉದ್ದ 76 ಮಿಲಿಮೀಟರ್. ಗುಂಡು 50 ಮೀಟರ್ ಹೋಗುತ್ತದೆ, ಅನುಮಾನವಿಲ್ಲ. ಆದರೆ ನನ್ನಂಥವನಿಗೆ ಐದಾರು ಮೀಟರಿನ ಆಚೆ ಕೆಲಸವೇನು? ಅದರ ಸಿಲಿಂಡರ್, ಅಂದರೆ ತೋಟಾ ತುಂಬುವ ತಿರುಗು ಭಾಗ, ಪಕ್ಕಕ್ಕೆ ತೆರೆದುಕೊಳ್ಳುತ್ತದೆ ಅನ್ನೋದೂ ಹೊಸತನ ಅಂತ ಬಂತು. ಒಳ್ಳೆಯದೇ, ಹಳೇ ಮಾದರಿಗಿಂತ ಗಟ್ಟಿ. ಆದರೆ ಅಮೆರಿಕದಲ್ಲಿ ಕೋಲ್ಟ್ ಕಂಪನಿ ಅಂಥದ್ದನ್ನು 1889ರಲ್ಲೇ ಮಾಡಿತ್ತು. ನಮ್ಮಲ್ಲಿ ಸಿಗುವ ಹಲವು .32 ರಿವಾಲ್ವರ್‌ಗಳ ಮೂಲ ನಕ್ಷೆ ಇಂಗ್ಲಿಷರ ಕಾಲದ ವೆಬ್ಲಿಯದು. ತೋಟಾಗಳೂ ಅಷ್ಟೇ ಹಳೆಯವು. ರಿವಾಲ್ವರಿನ .32 ತೋಟಾ 1896ರದ್ದು, ಪಿಸ್ತೂಲಿನ .32 ತೋಟಾ 1899ರದ್ದು. ಪೊಲೀಸರ 9 ಎಂಎಂ ನಾಗರಿಕರಿಗೆ ನಿಷೇಧ. ಎಂಬತ್ತರ ದಶಕದಿಂದ ಹೊರದೇಶದ ಮಾಲೂ ಸಾಮಾನ್ಯ ಲೈಸೆನ್ಸುದಾರನಿಗೆ ಬರುವುದಿಲ್ಲ. ಈ ಬಿಗಿಯನ್ನು ಸಡಿಲ ಮಾಡಿ ಅಂತಲೂ ನಾನು ಕೇಳುತ್ತಿಲ್ಲ. ಆದರೆ ಕೊಳ್ಳುವವನಿಗೆ ಬೇರೆ ಅಂಗಡಿಯೇ ಇಲ್ಲದ ಕಡೆ ಮಾಲು ಹೇಗಿರುತ್ತದೆ ಅಂತ ಗಂಜ್‌ನವರಿಗೆ ಹೇಳಿಕೊಡಬೇಕಾ?

ಈಗ ನನ್ನ ಸಡ್ಡಕನ ಕಥೆ.

ಅವನು ಭಾಲ್ಕಿ ತಾಲ್ಲೂಕಿನವನು. ಅವನ ಅಜ್ಜ ನಿಜಾಮರ ಕಾಲದಲ್ಲಿ ಒಂದು ಇಂಗ್ಲಿಷ್ ಪಿಸ್ತೂಲ್ ಕೊಂಡಿದ್ದರು. .32, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಕಾನೂನು ಪ್ರಕಾರ ಮಗನಿಗೆ, ಆಮೇಲೆ ಮೊಮ್ಮಗನಿಗೆ ಬಂತು. ಮೂರು ವರ್ಷದ ಹಿಂದೆ ಒಂದು ಸಂಜೆ ಹೊಲದಿಂದ ಬಂದ. ಟ್ರ್ಯಾಕ್ಟರಿನಿಂದ ಇಳಿಯುವಾಗ ಪಿಸ್ತೂಲ್ ಸೊಂಟದಿಂದ ಜಾರಿ ಅಂಗಳದ ಫರಸಿ ಕಲ್ಲಿನ ಮೇಲೆ ಮೂತಿ ಕೆಳಗಾಗಿ ಬಿತ್ತು. ಬಿದ್ದದ್ದೇ ಹಾರಿತು. ಯಾರೂ ಟ್ರಿಗರ್ ಮುಟ್ಟಿರಲಿಲ್ಲ. ಗುಂಡು ಕಲ್ಲಿಗೆ ಬಡಿದು, ಕಲ್ಲಿನ ಚೂರು ಅವನದೇ ಮೀನಖಂಡಕ್ಕೆ ಹೊಕ್ಕಿತು. ಎರಡು ಹೆಜ್ಜೆ ಆಚೆ ಅವನ ಮಗಳು ಎಮ್ಮೆಗೆ ನೀರು ಇಡುತ್ತಿದ್ದಳು.

ಠಾಣೆಯ ಕಾಗದದಲ್ಲಿ ಬರೆದ ಪದ ಒಂದೇ, ನಿರ್ಲಕ್ಷ್ಯ. ಅರ್ಧ ನಿಜ, ನಾನು ಒಪ್ಪುತ್ತೇನೆ. ನಳಿಗೆಯಲ್ಲಿ ತೋಟಾ ಏರಿಸಿಟ್ಟುಕೊಂಡು ತಿರುಗಿದ್ದು ಅವನ ತಪ್ಪು. ಸರಿಯಾದ ಹೋಲ್‌ಸ್ಟರ್ ಇಲ್ಲದೆ ಸುಮ್ನೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೂ ಅವನ ತಪ್ಪು. ಆದರೆ ಉಳಿದರ್ಧ ಯಾರದು? ನಾನು ಒಬ್ಬ ನಿವೃತ್ತ ಪೊಲೀಸ್ ಆರ್ಮರರ್ (ಬಂದೂಕು ನೋಡಿ ರಿಪೇರಿ ಮಾಡುವವರು) ಹತ್ತಿರ ಕೂತು ಇದನ್ನು ಅರ್ಥ ಮಾಡಿಕೊಂಡೆ. ಪಿಸ್ತೂಲಿನ ಒಳಗೆ ತೋಟಾದ ತಳಕ್ಕೆ ಬಡಿಯೋ ಒಂದು ಸಣ್ಣ ಮೊಳೆ ಇರುತ್ತದೆ. ಹಳೇ ಚಿಕ್ಕ ಪಿಸ್ತೂಲ್‌ಗಳಲ್ಲಿ ಎಷ್ಟೋ ಸಲ ಆ ಮೊಳೆಯನ್ನು ತಡೆದು ಹಿಡಿಯೋದು ಒಂದು ಮೆತ್ತನೆಯ ಸ್ಪ್ರಿಂಗ್ ಮಾತ್ರ. ಕೆಕೆಆರ್‌ಟಿಸಿ ಬಸ್ಸಿನ ಡ್ರೈವರ್ ಏಕ್ದಂ ಬ್ರೇಕ್ ಹಾಕಿದರೆ ನಿಂತವರು ಮುಂದೆ ಹೋಗಿ ಬೀಳುತ್ತಾರಲ್ಲ, ಹಾಗೇ. ಪಿಸ್ತೂಲ್ ಕಲ್ಲಿಗೆ ಬಡಿದು ನಿಲ್ಲುತ್ತದೆ, ಒಳಗಿನ ಮೊಳೆ ನಿಲ್ಲುವುದಿಲ್ಲ. ಮುಂದೆ ಹೋಗಿ ತೋಟಾಕ್ಕೆ ಬಡಿಯುತ್ತದೆ. ಇದಕ್ಕೆ ಔಷಧಿ ಇದೆ. ಮೊಳೆಗೆ ಅಡ್ಡ ಒಂದು ಸಣ್ಣ ತುಂಡು ಇಟ್ಟು, ಟ್ರಿಗರ್ ಪೂರ್ತಿ ಎಳೆದಾಗ ಮಾತ್ರ ಅದು ಸರಿಯುವ ಹಾಗೆ ಮಾಡುತ್ತಾರೆ. ರಿವಾಲ್ವರ್‌ನಲ್ಲೂ ಹಾಗೆ ಕುದುರೆಗೆ ಅಡ್ಡ ನಿಲ್ಲುವ ಪಟ್ಟಿ ಇರುತ್ತದೆ. ಅದು ಇಲ್ಲದ ಹಳೇ ರಿವಾಲ್ವರ್ ಹಿಡಿದವರು ಸಿಲಿಂಡರಿನಲ್ಲಿ ತೋಟಾ ಕೂರುವ ಒಂದು ಮನೆಯನ್ನು ಖಾಲಿ ಬಿಡುತ್ತಿದ್ದರು. ಆರು ಮನೆ, ಐದು ತೋಟಾ, ಕುದುರೆಯ ಕೆಳಗೆ ಖಾಲಿ. ನಮ್ಮ ಕಡೆಯ ಹಿರಿಯರು ಇದನ್ನು ಶಾಸ್ತ್ರದ ಹಾಗೆ ಪಾಲಿಸುತ್ತಿದ್ದರು. ಯಾಕೆ ಅಂತ ಕೇಳಿದರೆ "ಹಂಗ ಇಡಬೇಕು" ಅನ್ನುತ್ತಿದ್ದರು ಅಷ್ಟೇ.

ನನ್ನ ಪ್ರಶ್ನೆ ಇಷ್ಟು. ನಾನು ಕೊಂಡ ರಿವಾಲ್ವರಿನಲ್ಲಿ ಆ ಅಡ್ಡಪಟ್ಟಿ ಇದೆಯಾ, ಇದ್ದರೆ ಬಿದ್ದಾಗ ಕೆಲಸ ಮಾಡುತ್ತದಾ? ಪೆಟ್ಟಿಗೆಯಲ್ಲಿ ಬಂದ ಕಾಗದದಲ್ಲಿ ಅದರ ಮಾತೇ ಇಲ್ಲ. ಎಣ್ಣೆ ಹೇಗೆ ಹಾಕಬೇಕು ಅಂತ ಇದೆ. ಅಂಗಡಿಯವರನ್ನು ಕೇಳಿದೆ. "ಬೀಳಿಸಬ್ಯಾಡ್ರಿ ಸಾವ್ಕಾರ್ರ" ಅಂದರು.

ಪಿಸ್ತೂಲಿನ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. ಚಿಕ್ಕ ಪಿಸ್ತೂಲಿನ ಮೇಲಿನ ಭಾಗ ಹಗುರ. ಅದು ಹಿಂದೆ ಹೋಗಿ ಮುಂದೆ ಬರುವ ದಾರಿಯೂ ಗಿಡ್ಡ. ಅಷ್ಟರಲ್ಲೇ ಖಾಲಿ ಕೊಳವೆ ಹೊರಗೆ ಹಾರಬೇಕು, ಹೊಸ ತೋಟಾ ಒಳಗೆ ಏರಬೇಕು. ಅದಕ್ಕೆ ಬಿಗಿ ಸ್ಪ್ರಿಂಗ್ ಹಾಕುತ್ತಾರೆ. ಆ ಬಿಗಿಗೆ ವಯಸ್ಸಾದವರ ಕೈ ಸೋಲುತ್ತದೆ. ಹಿಡಿದ ಕೈ ಸ್ವಲ್ಪ ಸಡಿಲವಾದರೂ ತೋಟಾ ಅಡ್ಡ ಸಿಕ್ಕಿಕೊಳ್ಳುತ್ತದೆ. .32 ಪಿಸ್ತೂಲ್ ತೋಟಾಕ್ಕೆ ಇನ್ನೊಂದು ಹುಟ್ಟುಗುಣ ಇದೆ. ಅದರ ತಳದ ಅಂಚು ಸ್ವಲ್ಪ ಹೊರಗೆ ಚಾಚಿರುತ್ತದೆ. ಮ್ಯಾಗಜೀನಿನಲ್ಲಿ, ಅಂದರೆ ಪಿಸ್ತೂಲಿಗೆ ತೋಟಾ ತುಂಬುವ ಡಬ್ಬಿಯಲ್ಲಿ, ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಬಿದ್ದರೆ ಎರಡೂ ಬೀಗ ಹಾಕಿಕೊಂಡ ಹಾಗೆ. ಮ್ಯಾಗಜೀನ್ ಬಿಚ್ಚಿ ಕೈಯಾರೆ ಬಿಡಿಸಬೇಕು. ತುಂಬುವಾಗ ಪ್ರತಿ ತೋಟಾದ ಅಂಚು ಕೆಳಗಿನದರ ಮುಂದೆ ಇರಬೇಕು ಅಂತ ಹೇಳಿಕೊಟ್ಟರೆ ಐದು ನಿಮಿಷದ ಪಾಠ. ತರಬೇತಿಯಲ್ಲಿ ನಾನು ಮುಟ್ಟಿದ್ದು ರೈಫಲ್ ಮಾತ್ರ. ನೆಲದ ಮೇಲೆ ಮಲಗಿ ಗುರಿ ಹಿಡಿಯೋದು ಕಲಿತೆ. ಕವಾಯತೂ ಮಾಡಿದೆ, ಹೊಟ್ಟೆ ಸ್ವಲ್ಪ ಇಳಿಯಿತು. ಕೊಂಡದ್ದು ಮಾತ್ರ ರಿವಾಲ್ವರ್.

ಅದನ್ನು ನಾನು ಹಾರಿಸಿ ನೋಡಿದ್ದು ಇಷ್ಟು ವರ್ಷದಲ್ಲಿ ಒಂದೇ ಸಲ. ಅನುಮತಿ ತಗೊಂಡು, ಪೊಲೀಸರ ಮೈದಾನದಲ್ಲೇ, ಅವರ ಕಣ್ಣೆದುರೇ. ಹನ್ನೆರಡು ತೋಟಾ. ಎರಡು ಸಲ ಬರೀ ಟಿಕ್ ಅಂತು. ಒಂಬತ್ತನೆಯದರ ಹೊತ್ತಿಗೆ ಸಿಲಿಂಡರ್ ತಿರುಗಲೇ ಇಲ್ಲ. ಪಕ್ಕದ ಒಂದು ಸ್ಕ್ರೂ ಸಡಿಲವಾಗಿ ಹೊರಗೆ ಬಂದಿತ್ತು. ಅಲ್ಲಿದ್ದ ಹವಾಲ್ದಾರ್ ತಮ್ಮ ಜೇಬಿನ ನಾಣ್ಯದಿಂದ ಅದನ್ನು ಬಿಗಿ ಮಾಡಿಕೊಟ್ಟರು. ಒಳ್ಳೆಯ ಮನುಷ್ಯ. ಲಕ್ಷ ಕೊಟ್ಟು ಕೊಂಡ ವಸ್ತು, ಎಂಟಾಣೆಯಲ್ಲಿ ರಿಪೇರಿ. ಅಂಗಡಿಗೆ ಒಯ್ದೆ. ಅವರು ನಕ್ಕರು. "ಹೊಡ್ಯೋದು ಯಾವಾಗ ಐತಿ ಬಿಡ್ರಿ, ಸೊಂಟದಾಗ ಇದ್ರ ಸಾಕು" ಅಂದರು. ತಯಾರಿಸಿದವರಿಗೆ ಪತ್ರ ಬರೆದೆ. ಬಹಳ ದಿನದ ಮೇಲೆ ಎರಡು ಸಾಲಿನ ಉತ್ತರ ಬಂತು. ಎಲ್ಲವೂ ನಿಗದಿತ ಮಿತಿಯೊಳಗೆ ಇದೆ ಅಂತ. ಆ ಮಿತಿ ಎಷ್ಟು ಅಂತ ಬರೆದಿರಲಿಲ್ಲ. ಹೆಸರು ನಾನೂ ಇಲ್ಲಿ ಬರೆಯುತ್ತಿಲ್ಲ. ನನಗೆ ಬೇಕಾಗಿರುವುದು ಒಬ್ಬರ ಮೇಲಿನ ಸಿಟ್ಟು ತೀರಿಸಿಕೊಳ್ಳೋದಲ್ಲ.

ಅದರ ಮೇಲೆ ಮುದ್ರೆ ಇದೆಯಲ್ಲ, ಪರೀಕ್ಷೆ ಆಗಿದೆಯಲ್ಲ ಅಂತ ನೀವು ಕೇಳಬಹುದು. ಇದೆ. ಪ್ರೂಫ್ ಮುದ್ರೆ. ಆದರೆ ಪ್ರೂಫ್ ಪರೀಕ್ಷೆ ಅಂದರೆ ಏನು? ಮಾಮೂಲಿಗಿಂತ ಜಾಸ್ತಿ ಒತ್ತಡದ ತೋಟಾ ಹಾರಿಸಿ, ನಳಿಗೆ ಒಡೆಯುತ್ತದಾ, ಸಿಲಿಂಡರ್ ಬಿರುಕು ಬಿಡುತ್ತದಾ ಅಂತ ನೋಡುವುದು. ಬೇಕಾದ ಪರೀಕ್ಷೆಯೇ, ಕೈಯಲ್ಲೇ ಸಿಡಿಯದಿರಲಿ. ಕೋಟೆಯ ತೋಪುಗಳನ್ನು ನೋಡುತ್ತಾ ಬೆಳೆದ ಊರು ನಮ್ಮದು. ಮದ್ದು ಸಿಡಿದರೆ ಏನಾಗುತ್ತದೆ ಅಂತ ಮಹಮೂದ್ ಗವಾನ್ ಮದರಸಾದ ಮುರಿದ ಮುಂಭಾಗ 1696ರಿಂದ ಹೇಳುತ್ತಲೇ ನಿಂತಿದೆ. ಆದರೆ ಆ ಮುದ್ರೆ ಹೇಳೋದು ಅಷ್ಟನ್ನೇ. ಬಿದ್ದರೆ ಹಾರುತ್ತದಾ, ಇನ್ನೂರು ತೋಟಾ ಆದ ಮೇಲೆ ಸ್ಕ್ರೂ ನಿಲ್ಲುತ್ತದಾ, ಮೇ ತಿಂಗಳ ಬೆವರಲ್ಲಿ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದಾ ಅಂತ ಅದು ಹೇಳುವುದಿಲ್ಲ. ಕುಕ್ಕರಿಗೆ ಐಎಸ್‌ಐ ಗುರುತು ಕಡ್ಡಾಯ, ಹೆಲ್ಮೆಟ್‌ಗೆ ಕಡ್ಡಾಯ. ಕಾರಿನಲ್ಲಿ ತಯಾರಿಕೆಯ ದೋಷ ಇದ್ದರೆ ಕಂಪನಿ ವಾಪಸ್ ಕರೆಸಿ ಸರಿ ಮಾಡಬೇಕು ಅಂತ 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ ತಿದ್ದುಪಡಿ ಬಂತು.

ಬೆವರಿನ ಮಾತು ಸುಮ್ನೆ ಹೇಳಿದ್ದಲ್ಲ. ಮುಚ್ಚಿಟ್ಟುಕೊಳ್ಳುವ ಗನ್ ಮೈಗೆ ಅಂಟಿಕೊಂಡೇ ಇರುತ್ತದೆ. ಸೊಂಟದ ಬೆವರು, ಬನಿಯನ್ನಿನ ಎಳೆ, ಗಂಜ್‌ನ ಧೂಳು ಎಲ್ಲ ಒಳಗೆ ಹೋಗುತ್ತದೆ. ತೊಗರಿ ಸುಗ್ಗಿಯಲ್ಲಿ ನಮ್ಮ ಅಂಗಡಿಯ ಫೋನು, ಫ್ಯಾನು, ಕಂಪ್ಯೂಟರ್ ಎಲ್ಲದರೊಳಗೂ ಹೊಟ್ಟು ಸೇರುತ್ತದೆ. ಗನ್ ಏನು ಬೇರೆ ಲೋಕದ್ದಾ? ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದು ಕೂದಲೆಳೆಯಷ್ಟು. 2024ರ ಲೋಕಸಭೆ ಚುನಾವಣೆಗೆ ಮೊದಲು ಎಲ್ಲರ ಹಾಗೆ ನಾನೂ ರಿವಾಲ್ವರನ್ನು ಠಾಣೆಯಲ್ಲಿ ಒಪ್ಪಿಸಿದ್ದೆ. ಮೇ 7ಕ್ಕೆ ನಮ್ಮಲ್ಲಿ ಮತದಾನ. ಜೂನ್‌ನಲ್ಲಿ ವಾಪಸ್ ಬಂದಾಗ ನಳಿಗೆಯೊಳಗೆ ಕೆಂಪು ಚುಕ್ಕೆ. ನಾನು ಒಪ್ಪಿಸುವಾಗ ಎಣ್ಣೆ ಜಾಸ್ತಿ ಹಾಕಬೇಕಿತ್ತು ಅಂತ ಅಂದುಕೊಂಡು ಸುಮ್ಮನಾದೆ.

ಲೋಹದ ವಿಷಯವನ್ನು ಬೀದರಿನವರು ಹೇಳದಿದ್ದರೆ ಇನ್ಯಾರು ಹೇಳಬೇಕು? ನಮ್ಮ ಬಿದರಿ ಕಲೆಯ ಮೈ ಸತುವಿನದು, ಅದಕ್ಕೆ ಸ್ವಲ್ಪ ತಾಮ್ರ. ಸತು ಸುಮಾರು 420 ಡಿಗ್ರಿಗೇ ಕರಗುತ್ತದೆ. ಅಚ್ಚಿಗೆ ಸಲೀಸಾಗಿ ಕೂರುತ್ತದೆ. ಕೆತ್ತಿ, ಬೆಳ್ಳಿ ಕೂಡಿಸಿ, ಕೋಟೆಯ ಮಣ್ಣು ಹಚ್ಚಿದರೆ ಕಪ್ಪು ಮಿಂಚುತ್ತದೆ. ಹೂಜಿಗೆ, ಹೂದಾನಿಗೆ ಅದಕ್ಕಿಂತ ಒಳ್ಳೆಯ ಲೋಹವಿಲ್ಲ. ಅದೇ ಗುಣಕ್ಕೆ ಮರುಳಾಗಿ ಅಮೆರಿಕದಲ್ಲಿ ಅಗ್ಗದ ಚಿಕ್ಕ ಪಿಸ್ತೂಲ್‌ಗಳನ್ನೂ ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದರು. ಅಗ್ಗವೇನೋ ಆಯಿತು, ಬಾಳಿಕೆ ಬರಲಿಲ್ಲ. ಇಲಿನಾಯ್ಸ್, ಸೌತ್ ಕೆರೊಲಿನಾದಂಥ ರಾಜ್ಯಗಳು ಸುಮಾರು 427 ಡಿಗ್ರಿಯೊಳಗೆ ಕರಗುವ ಅಂಥ ಎರಕದ ಲೋಹದ ಪಿಸ್ತೂಲ್ ಮಾರಬಾರದು ಅಂತ ಕಾನೂನು ಮಾಡಿದವು. ಸತು ಕರಗುವ ಬಿಸಿಗಿಂತ ಗೆರೆಯನ್ನು ಸ್ವಲ್ಪವೇ ಮೇಲೆ ಎಳೆದಿದ್ದಾರೆ, ಗಮನಿಸಿ. ನನ್ನ ಬಿಲ್ಲಿನಲ್ಲಿ ನಂಬರ್ ಇದೆ, ಬೋರ್ ಇದೆ, ಜಿಎಸ್‌ಟಿ ಇದೆ. ಯಾವ ಭಾಗ ಯಾವ ಲೋಹ ಅಂತ ಇಲ್ಲ. ಚೌಬಾರಾ ಹತ್ತಿರ ಬಿದರಿ ಮಾರುವವನು ಕೂಡ ಕೇಳಿದರೆ ಹೇಳುತ್ತಾನೆ.

ಅಮೆರಿಕದ ಹೆಸರು ತೆಗೆದಿದ್ದಕ್ಕೆ ಅವರೇನೋ ಮಾದರಿ ಅಂತ ತಿಳಿಯಬೇಡಿ. ಗನ್ ವಿಷಯದಲ್ಲಿ ಅವರ ದಾರಿ ನಮಗೆ ಬೇಡವೇ ಬೇಡ. ಅಲ್ಲಿನ ಗ್ರಾಹಕ ವಸ್ತುಗಳ ಸುರಕ್ಷತೆ ನೋಡುವ ಆಯೋಗಕ್ಕೆ ಗನ್ ಮುಟ್ಟುವ ಅಧಿಕಾರವನ್ನೇ ಕೊಟ್ಟಿಲ್ಲ. ಅಂಥ ಕಡೆಯೂ ಕ್ಯಾಲಿಫೋರ್ನಿಯಾ ರಾಜ್ಯ 2001ರಿಂದ ಒಂದು ನಿಯಮ ಇಟ್ಟಿದೆ. ಒಂದು ಮಾದರಿಯ ಮೂರು ಗನ್ ತಗೊಂಡು ಒಂದೊಂದರಲ್ಲೂ 600 ತೋಟಾ ಹಾರಿಸಬೇಕು. ಮೊದಲ 20ರಲ್ಲಿ ಒಂದೂ ಕೈಕೊಡಬಾರದು. ಒಟ್ಟು 600ರಲ್ಲಿ ಆರಕ್ಕಿಂತ ಜಾಸ್ತಿ ತಪ್ಪಬಾರದು. ಆಮೇಲೆ ಒಂದು ಮೀಟರ್ ಎತ್ತರದಿಂದ ಕಾಂಕ್ರೀಟ್ ಮೇಲೆ ಬೇರೆ ಬೇರೆ ಮಗ್ಗುಲಿಗೆ ಬೀಳಿಸಬೇಕು. ಹಾರಬಾರದು. ನನ್ನದು ಹನ್ನೆರಡರಲ್ಲಿ ಮೂರು ಸಲ ಕೈಕೊಟ್ಟಿತು. ಆ ಪರೀಕ್ಷೆಯಲ್ಲಿ ಮೊದಲ ಐದು ನಿಮಿಷದಲ್ಲೇ ಮನೆಗೆ ಕಳಿಸುತ್ತಿದ್ದರು.

ದೊಡ್ಡ ಹೆಸರಿನವರ ಗನ್‌ಗಳೂ ತಪ್ಪುತ್ತವೆ. 2008ರಲ್ಲಿ ರೂಗರ್ ಕಂಪನಿ ಎಲ್‌ಸಿಪಿ ಅನ್ನೋ ತನ್ನ ಪುಟ್ಟ ಪಿಸ್ತೂಲ್ ತಂದಿತು. ಅದೇ ವರ್ಷವೇ ವಾಪಸ್ ಕರೆಸಿತು, ಬಿದ್ದರೆ ಹಾರಬಹುದು ಅಂತ. 2013ರಲ್ಲಿ ಸ್ಪ್ರಿಂಗ್‌ಫೀಲ್ಡ್ ಕಂಪನಿಯೂ ಎಕ್ಸ್‌ಡಿ-ಎಸ್ ಅನ್ನೋ ತನ್ನ ಚಿಕ್ಕ ಪಿಸ್ತೂಲನ್ನು ವಾಪಸ್ ತರಿಸಿಕೊಂಡು ಸರಿಮಾಡಿಕೊಟ್ಟಿತು. ತಪ್ಪು ಮಾಡಿದರು ಅಂತ ನಾನು ಹೇಳುತ್ತಿಲ್ಲ. ತಪ್ಪಾಗಿದೆ, ತಗೊಂಡು ಬನ್ನಿ ಅಂತ ಬಾಯಿಬಿಟ್ಟು ಹೇಳಿದರಲ್ಲ, ನಾನು ನೋಡುವುದು ಅದನ್ನು. ಅವರಿಗೆ ಇದ್ದ ಕಷ್ಟ ಏನು ಗೊತ್ತಾ? ಯಾರ ಮನೆಯಲ್ಲಿ ಯಾವ ಗನ್ ಇದೆ ಅಂತ ಅಲ್ಲಿ ಪೂರ್ತಿ ಲೆಕ್ಕವೇ ಇಲ್ಲ. ಪೇಪರಿನಲ್ಲಿ ಹಾಕಿ ಕಾಯಬೇಕು. ನಮ್ಮಲ್ಲಿ? ಪ್ರತಿ ಲೈಸೆನ್ಸಿಗೂ ದೇಶಕ್ಕೆಲ್ಲ ಒಂದೇ ಗುರುತಿನ ಸಂಖ್ಯೆ ಇದೆ. ಗನ್ನಿನ ನಂಬರ್, ಮಾಲೀಕನ ಮನೆ, ಫೋನ್ ಎಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಇದೆ. ಚುನಾವಣೆ ಬಂದರೆ ಎರಡೇ ವಾರದಲ್ಲಿ ಜಿಲ್ಲೆಯ ಎಲ್ಲರನ್ನೂ ಠಾಣೆಗೆ ಬರುವ ಹಾಗೆ ಮಾಡುತ್ತೀರಿ. ಕೆಟ್ಟ ಗನ್ನನ್ನು ವಾಪಸ್ ಕರೆಸುವುದು ಇಡೀ ಲೋಕದಲ್ಲಿ ಎಲ್ಲಾದರೂ ಸುಲಭ ಅಂತ ಇದ್ದರೆ ಅದು ನಮ್ಮಲ್ಲಿ. ಆ ಪಟ್ಟಿಯನ್ನು ನಾವು ಮನುಷ್ಯರನ್ನು ಹಿಡಿಯೋಕೆ ಮಾತ್ರ ಬಳಸುತ್ತಿದ್ದೇವೆ.

2025ರ ಜನವರಿಯಲ್ಲಿ ನಮ್ಮ ಊರ ನಡುವೆ, ಹಾಡಹಗಲೇ, ಎಟಿಎಂಗೆ ಹಣ ಒಯ್ಯುತ್ತಿದ್ದವರ ಮೇಲೆ ಗುಂಡು ಹಾರಿಸಿ ದುಡ್ಡಿನ ಪೆಟ್ಟಿಗೆ ಒಯ್ದರು. ದುಡಿಯೋಕೆ ಬಂದ ಜೀವ ಹೋಯಿತು. ಅದಾದ ವಾರದಲ್ಲೇ ಗಂಜ್‌ನ ಇಬ್ಬರು ಹುಡುಗರು, ಇಬ್ಬರೂ ಹೊಸ ಅಡತಿಗಳು, ನನ್ನ ಅಂಗಡಿಗೆ ಬಂದು ಕೂತರು. "ಕಾಕಾ, ಲೈಸೆನ್ಸಿಗೆ ಹೆಂಗ ಅರ್ಜಿ ಹಾಕೋದು? ಸಣ್ಣದು, ಕಾಣದಂಗ ಇರೋದು ಬೇಕು" ಅಂದರು. ಅರ್ಜಿಯ ದಾರಿ ಹೇಳಿದೆ. ಯಾವುದು ಕೊಳ್ಳಬೇಕು ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂವತ್ತು ವರ್ಷ ಮಾಲು ನೋಡಿ ಬೆಲೆ ಹೇಳಿದವನಿಗೆ ಅದು ನಾಚಿಕೆಯ ಮಾತು. ಈ ಪತ್ರ ಹುಟ್ಟಿದ್ದು ಅವತ್ತು.

ನಿಮ್ಮ ಕೈಯಲ್ಲೇ ಇರುವುದನ್ನು ಮೊದಲು ಕೇಳುತ್ತೇನೆ. ಚುನಾವಣೆಗೆ ಒಪ್ಪಿಸಿದ ಗನ್‌ಗಳು ವಾರಗಟ್ಟಲೆ ಠಾಣೆಯಲ್ಲಿ ಸುಮ್ನೆ ಬಿದ್ದಿರುತ್ತವೆ. ಆ ಹೊತ್ತಿನಲ್ಲಿ ಪೊಲೀಸ್ ಆರ್ಮರರ್ ಒಮ್ಮೆ ಎಲ್ಲವನ್ನೂ ತೆರೆದು ನೋಡಲಿ. ಹತ್ತು ನಿಮಿಷದ ಕೆಲಸ. ಕುದುರೆಗೆ ಅಡ್ಡ ತಡೆ ಇದೆಯಾ, ಸಿಲಿಂಡರ್ ಬಿಗಿಯಾಗಿ ಕೂರುತ್ತದಾ, ಟ್ರಿಗರ್ ಎಷ್ಟು ಕಿಲೋ, ತುಕ್ಕು ಇದೆಯಾ ಅಂತ ಒಂದು ಚೀಟಿ ಬರೆದು ಗನ್ ಜೊತೆ ವಾಪಸ್ ಕೊಡಲಿ. ಫೀಸು ಇಡಿ, ಕೊಡುತ್ತೇವೆ. ನನ್ನ ಸಡ್ಡಕನ ಪಿಸ್ತೂಲಿನಂಥ ಅಜ್ಜನ ಕಾಲದವು ಬಂದರೆ "ನಳಿಗೆಯಲ್ಲಿ ತೋಟಾ ಏರಿಸಿ ಇಟ್ಟುಕೊಳ್ಳಬೇಡ" ಅಂತ ಕೆಂಪಕ್ಷರದಲ್ಲಿ ಬರೆಯಲಿ. ಕೈಬಂದೂಕಿಗೆ ಲೈಸೆನ್ಸ್ ಕೇಳಿದವನಿಗೆ ಕೈಬಂದೂಕಿನಲ್ಲೇ ತರಬೇತಿ ಕೊಡಿಸಿ. ಅದೇ ಮೈದಾನ, ಅದೇ ಹವಾಲ್ದಾರರು ಸಾಕು.

ಜೊತೆಗೆ ಒಂದು ದೂರಿನ ವಹಿ ಇಡಿ. ಯಾವ ಗನ್, ಯಾವ ವರ್ಷದ್ದು, ಏನು ಕೆಟ್ಟಿತು. ಹೀಗೆ ಬರೆಯುತ್ತಾ ಹೋದರೆ ಒಂದೇ ತಯಾರಿಕೆಯ ಹತ್ತು ಗನ್‌ಗಳಲ್ಲಿ ಅದೇ ಸ್ಕ್ರೂ ಸಡಿಲ ಅಂತ ಗೊತ್ತಾಗುತ್ತದೆ. ಆಗ ಅದು ನನ್ನ ನಿರ್ಲಕ್ಷ್ಯವೋ ಅವರದೋ ತಿಳಿಯುತ್ತದೆ. ನಿಮ್ಮ ಮೂಲಕ ಆ ವಹಿ ದಿಲ್ಲಿಯ ಗೃಹ ಸಚಿವಾಲಯಕ್ಕೆ ಹೋಗಲಿ. ಹೊಸ ಮಾದರಿ ಮಾರುಕಟ್ಟೆಗೆ ಬರುವ ಮೊದಲು ಬೀಳಿಸಿ ನೋಡಿದ ಫಲಿತಾಂಶ ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಿ ಅಂತ ನೀವು ಬರೆದರೆ ಅದಕ್ಕೆ ಇರುವ ತೂಕ ನನ್ನ ಪತ್ರಕ್ಕೆ ಇಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದೋಷದ ಮಾಲಿಗೆ ತಯಾರಕನೇ ಹೊಣೆ ಅಂತ ಒಂದು ಅಧ್ಯಾಯವೇ ಇದೆ. ಅಪಾಯದ ಮಾಲನ್ನು ವಾಪಸ್ ಕರೆಸುವ ಅಧಿಕಾರ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕೆ ಇದೆ. ಗನ್ ಕೊಂಡವನೂ ದುಡ್ಡು ಕೊಟ್ಟೇ ಕೊಂಡಿದ್ದಾನೆ, ಅವನೂ ಗ್ರಾಹಕನೇ ಅಲ್ವಾ?

ಇದೆಲ್ಲ ಆಗುವವರೆಗೆ ಆ ಇಬ್ಬರು ಹುಡುಗರಿಗೆ ನಾನು ಹೇಳಿರುವುದು ಒಂದೇ. ಸಂಜೆ ಆರರೊಳಗೆ ದುಡ್ಡು ಬ್ಯಾಂಕಿಗೆ ಕಟ್ಟಿ, ರೈತರಿಗೆ ಆರ್‌ಟಿಜಿಎಸ್ ಮಾಡಿ, ಅಂಗಡಿಗೆ ಕ್ಯಾಮೆರಾ ಹಾಕಿಸಿ. ಒಬ್ಬ ಕೇಳಿದ. ಇನ್ನೊಬ್ಬ ಅರ್ಜಿ ಹಾಕಿದ್ದಾನೆ, ಅದು ಈಗ ನಿಮ್ಮ ಮೇಜಿನ ಮೇಲೇ ಇರಬಹುದು.

ನನ್ನ ಲೈಸೆನ್ಸ್ ನವೀಕರಣ ಬರುವ ತಿಂಗಳು ಇದೆ. ರಿವಾಲ್ವರ್ ತೋರಿಸೋಕೆ ಹೇಳಿದ ದಿನ ಬರುತ್ತೇನೆ. ಖಾಲಿ ಮಾಡಿ, ಹೋಲ್‌ಸ್ಟರ್‌ನಲ್ಲಿ, ನಿಯಮದ ಪ್ರಕಾರ. ಜೊತೆಗೆ ಅಂಗಡಿಯ ತೂಗುಕಾಂಟಾ ಸಹ ತರುತ್ತೇನೆ. ಕೊಕ್ಕೆ ಸಿಕ್ಕಿಸಿ ಒಂದು ಸಲ ನೀವೇ ಎಳೆದು ನೋಡಿ.

ಇಂತಿ ನಿಮ್ಮ ವಿಶ್ವಾಸಿ,
ಗಾಂಧಿ ಗಂಜ್‌ನ ಒಬ್ಬ ಅಡತಿ ವ್ಯಾಪಾರಿ
ಬೀದರ್